ನಲವತ್ತಮೂರನೇ ಪುಟ

ನನ್ನ ಗಂಡ ದಿಲ್ಲಿಯ ಸಚಿವಾಲಯವೊಂದರಲ್ಲಿ ಸೆಕ್ಷನ್ ಆಫೀಸರ್. ಕಾಗದ ಕೈಗೆ ಬಂದರೆ ಬಲಮೂಲೆಯಲ್ಲಿ ಪೆನ್ಸಿಲಿನಿಂದ ಪುಟಸಂಖ್ಯೆ ಬರೆಯದೆ ಬಿಡುವ ಆಸಾಮಿಯಲ್ಲ. ಮಗಳ ಮಾರ್ಕ್ಸ್ ಕಾರ್ಡಿಗೂ ನಂಬರು ಹಾಕಿದವರು. "ಮದುವೆ ದಿನ ನನ್ನ ಹಣೆ ಮೇಲೂ ಒಂದು ಬರೀಬೇಕಿತ್ತು ನೀವು" ಎಂದು ರೇಗಿಸುತ್ತಿದ್ದೆ.

ಅವರಿಗೆ ದೊಡ್ಡಕರುಳಿನ ಕ್ಯಾನ್ಸರ್ ಆಪರೇಷನ್ ಆದ ಮೇಲೆ ಆಸ್ಪತ್ರೆಯ ಕಾಗದಗಳಿಗೂ ಒಂದು ಫೈಲ್ ಆಯಿತು. ತೆಗೆದ ಗೆಡ್ಡೆಯ ಚೂರನ್ನು ಇನ್ನೊಂದು ಪರೀಕ್ಷೆಗೆ ಕಳಿಸಿದ್ದರು. ಅದರಲ್ಲಿ ಯಾವ ಜೀನ್ ಎಷ್ಟು ಚುರುಕಾಗಿದೆ ಎಂದು ಅಳೆದರೆ, ಕಾಯಿಲೆ ಮರಳುತ್ತದೆಯೋ ಇಲ್ಲವೋ ಎಂಬ ಅಂದಾಜು ಸಿಗುತ್ತದಂತೆ. ರಿಪೋರ್ಟ್ ತರಲು ನೋಯ್ಡಾಕ್ಕೆ ನಾನೊಬ್ಬಳೇ ಹೋಗಿದ್ದೆ. ಡಾಕ್ಟರು ಮೂರನೇ ಹಾಳೆ ತೋರಿಸಿ, ಮರಳುವ ಸಂಭವ ಹೆಚ್ಚು ಎಂದರು. ಮೆಟ್ರೋದಲ್ಲಿ ನಿಂತೇ ಅತ್ತೆ. ಯಾರೋ ಎದ್ದು ಸೀಟು ಕೊಟ್ಟರು.

ಮನೆಯ ಲಿಫ್ಟಿನೊಳಗೆ ಪಿನ್ ಬಿಚ್ಚಿ ಆ ಹಾಳೆಯನ್ನು ಬ್ಯಾಗಿಗೆ ತುರುಕಿದೆ. ಉಳಿದದ್ದನ್ನು ಅವರ ಕೈಗಿಟ್ಟು, "ಎಲ್ಲ ಚೆನ್ನಾಗಿದೆಯಂತೆ ರೀ. ಕೀಮೋ ಎಲ್ಲರಿಗೂ ಕೊಡೋ ಹಾಗೆ ನಿಮಗೂ ಕೊಡ್ತಾರಂತೆ" ಎಂದೆ. ತಿರುವಿ ನೋಡಿ "ಅಚ್ಛಾ" ಎಂದರು. ಪುಟ ತಪ್ಪಿದ ಕಾಗದವನ್ನು ಯಾರ ಮುಂದಿಟ್ಟೆ ನೋಡಿ, ಬುದ್ಧಿಗೇಡಿ ನಾನು. ಡಾಕ್ಟರು ಮತ್ತೆ ಕೇಳಿದರೆ ಎಂಬ ಭಯಕ್ಕೆ ಹಾಳೆಯನ್ನು ಹರಿಯದೆ, ಬೀರುವಿನಲ್ಲಿ ಧಾರೆಸೀರೆಯ ಕೆಳಗೆ ಇಟ್ಟೆ.

ಆಮೇಲಿನ ಒಂದೂವರೆ ವರ್ಷ ಬರೀ ನಾಟಕ. ಅವರು ಸೊರಗಿದಾಗ "ಹೊಟ್ಟೆ ಕರಗಿತು, ಒಳ್ಳೇದೇ ಆಯ್ತು" ಎಂದು ನಕ್ಕೆ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅವರೋ ಹಟ ಹಿಡಿದು ನನಗೆ ಕಾರು ಓಡಿಸಲು ಕಲಿಸಿದರು. ಈ ವಯಸ್ಸಿನಲ್ಲಿ ಯಾಕೆ ಈ ಪೀಡೆ ಎಂದು ಇಂದಿರಾಪುರಂ ರಸ್ತೆಯಲ್ಲೇ ಜಗಳವಾಡಿದ್ದೆ.

ಮೊನ್ನೆ ಸ್ಕ್ಯಾನಿನಲ್ಲಿ ಲಿವರಿನಲ್ಲೂ ಗೆಡ್ಡೆ ಕಂಡಿತು. ಡಾಕ್ಟರು ಹಳೆಯ ಫೈಲ್ ತಿರುವಿದರು. ಪೆನ್ಸಿಲಿನ ಪುಟಸಂಖ್ಯೆ ನಲವತ್ತೆರಡರ ನಂತರ ನಲವತ್ತನಾಲ್ಕು. "ಬೀಚ್ ಕಾ ಪೇಜ್?" ಎಂದು ನಡುವಿನ ಪುಟ ಕೇಳಿದರು. ನಾನು ಬ್ಯಾಗಿನಲ್ಲಿ ಹುಡುಕುವಂತೆ ನಟಿಸಿದೆ. ಮನೆಯಲ್ಲಿದೆ, ನಾಳೆ ತರುತ್ತೇವೆ ಎಂದು ನನ್ನ ಗಂಡನೇ ಉತ್ತರ ಕೊಟ್ಟರು.

ದಾರಿಯುದ್ದಕ್ಕೂ ನಾನೇ ಕಾರು ಓಡಿಸಿದೆ. ಮನೆಗೆ ಬಂದವಳೇ ಧಾರೆಸೀರೆ ಎತ್ತಿ ಹಾಳೆ ತೆಗೆದೆ. ಬಲಮೂಲೆಯಲ್ಲಿ ಪೆನ್ಸಿಲಿನಿಂದ, ಅವರದೇ ಕೈಬರಹದಲ್ಲಿ, 43 ಎಂದಿತ್ತು.

"ಯಾವಾಗ ನೋಡಿದ್ರಿ?"

"ನೀನು ತಂದ ವಾರವೇ."

ಸಿಟ್ಟು ನೆತ್ತಿಗೇರಿತು. "ಒಂದು ಮಾತು ಹೇಳಬಾರದಿತ್ತಾ? ಒಬ್ಬಳೇ ಅತ್ತೂ ಅತ್ತೂ ಸತ್ತೆನಲ್ಲ."

ಅವರು ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡರು.

"ನಲ್ಲಿ ಬಿಟ್ಕೊಂಡ್ರೂ ಕೇಳಿಸ್ತಿತ್ತು ಕಣೇ."