ಹಿಂದಕ್ಕೆ ಸರಿ ಅಂದದ್ದು

ಕೊಳ್ಳೇಗಾಲದ ಹತ್ತಿರದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಾನು ಸೇಫ್ಟಿ ಆಫೀಸರ್ ಆಗಿದ್ದೆ. ಧನಗೆರೆಯ ಮಾದೇಗೌಡನಿಗೆ ಯಾರ್ಡಿನಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗಳನ್ನು ರಿವರ್ಸ್ ತೆಗೆಸುವ ಕೆಲಸ. ಕಿವಿ ಸೋರಿ ಸೋರಿ ಹಾರ್ನ್ ಕೂಡ ಕೇಳಿಸದಂತಾದಾಗ ಅವನನ್ನು ಗೋಡೌನಿಗೆ ಹಾಕಿದೆ. ಪ್ರಾಣದ ವಿಷಯದಲ್ಲಿ ನನಗೆ ದಾಕ್ಷಿಣ್ಯವಿಲ್ಲ.

ಒಂದು ದಿನ ಆಪರೇಷನ್ ಮಾಡಿಸಿಕೊಂಡು ಆಫೀಸಿಗೆ ಬಂದ. ಕಿವಿಯ ಹಿಂದೆ, ಮೂಳೆಗೇ ಕೂರಿಸಿದ ಪುಟ್ಟ ಯಂತ್ರ.

"ಗೋಡೌನಲ್ಲಿ ಒಬ್ನೇ ಕುಂತು ಸಾಕಾಗೋಗದೆ ಸಾ. ಯಾರ್ಡ್‌ಗೆ ಆಕಿ."

"ನಾನು ಹೇಳೋದು ಕೇಳುತ್ತಾ?"

"ಕೇಳ್ತದೆ ಸಾ."

"ತುಟಿ ನೋಡಿ ಹೇಳ್ತಿದ್ದೀಯ."

"ತಿರುಗಿ ನಿಂತ್ಕತೀನಿ. ಬೇಕಾರೆ ಕಿವಿಗೆ ಅತ್ತಿ ತುರುಕಿ. ಸದ್ದು ಬರೋದು ಮೂಳೆ ದಾರೀಲಿ."

ಎರಡೂ ಕಿವಿಗೆ ನಾನೇ ಹತ್ತಿ ತುರುಕಿದೆ. ಅವನ ಬೆನ್ನ ಹಿಂದೆ ನಿಂತು, ದನಿ ಏರಿಸದೆ, "ಹಿಂದಕ್ಕೆ ಸರಿ, ಟ್ರ್ಯಾಕ್ಟರ್ ಬಂತು" ಎಂದೆ.

ಮಾದೇಗೌಡ ಒಂದೇ ನೆಗೆತಕ್ಕೆ ಹಿಂದೆ ಬಂದ. ಅವನ ಹಿಮ್ಮಡಿ ನನ್ನ ಪಾದದ ಮೇಲಿತ್ತು.

"ನರಳಿದ್ದೂ ಕೇಳ್ತು ಸಾ" ಎಂದ, ಇನ್ನೂ ತಿರುಗದೆ.

ಮಾರನೆಯ ದಿನವೇ ಯಾರ್ಡಿನಲ್ಲಿ ಅವನ ಸೀಟಿ ಕೇಳಿಸಿತು. ಶೂ ಇಲ್ಲದೆ ಯಾರೂ ಯಾರ್ಡಿಗೆ ಕಾಲಿಡಕೂಡದೆಂದು ನಿಯಮ ಮಾಡಿದವನು ನಾನೇ. ಊದಿದ ಕಾಲು ಶೂ ಒಳಗೆ ಹೋಗದೆ, ಆ ವಾರವೆಲ್ಲ ಚಪ್ಪಲಿಯಲ್ಲಿ ಗೇಟಿನ ಹೊರಗೇ ನಿಂತು ನೋಡಿದೆ.