ಹಳದಿ ಬಿಲ್ಲೆಯ ಹಸುಗಳು

ಒಂದು ವಾಕ್ಯವನ್ನು ನಾನು ಬೇಕೆಂದೇ ಓದದೆ ಬಿಟ್ಟೆ. ಮರೆತದ್ದಲ್ಲ, ಕಣ್ಣು ತಪ್ಪಿದ್ದಲ್ಲ — ಅದರ ಮೇಲೆ ಬೆರಳಿಟ್ಟು ಮುಂದಿನ ಸಾಲಿಗೆ ದಾಟಿದೆ. ಅದರಿಂದ ತಿಗನಾರೆಯ ಪುಟ್ಟತಾಯಮ್ಮನ ಹಸು ಸತ್ತಿತು. ಐದು ವರ್ಷ ಈ ಮಾತನ್ನು ಯಾರಿಗೂ ಹೇಳಲಿಲ್ಲ.

ನಾನು ಗಡಿಯಾಚೆ, ತಮಿಳು ಸೀಮೆಗೆ ಸೇರಿದ ತಾಳವಾಡಿ ಸುತ್ತಿನ ಕನ್ನಡ ಶಾಲೆಗಳಲ್ಲಿ ಮೂವತ್ತು ವರ್ಷ ಪಾಠ ಹೇಳಿದವಳು. ನಿವೃತ್ತಿಯಾದ ಮೇಲೆ ಘಟ್ಟದ ಕೆಳಗಿನ ಒಂದು ಸಂಶೋಧನಾ ಸಂಸ್ಥೆಯವರು ತಮ್ಮ ಪ್ರಾಣಿ ನೀತಿ ಸಮಿತಿಗೆ ನನ್ನನ್ನು ಕರೆದರು. ಪ್ರಾಣಿಗಳ ಮೇಲೆ ಪ್ರಯೋಗ ಮಾಡಬೇಕಾದರೆ ಅಂಥ ಸಮಿತಿ ಒಪ್ಪಬೇಕು. ಅದರಲ್ಲಿ ವಿಜ್ಞಾನಿಯಲ್ಲದ ಒಬ್ಬರಾದರೂ ಇರಬೇಕು — ಮೂಕಪ್ರಾಣಿಯ ಪರವಾಗಿ ಕೇಳಬೇಕಾದ್ದನ್ನು ಕೇಳುವುದಕ್ಕೆ. ಆ ಒಬ್ಬಳು ನಾನು. ಏನು ಕೇಳಿದೆ? ಮೇಜಿನ ಮೇಲೆ ನನ್ನ ಹೆಸರಿನ ಫಲಕ ಇಟ್ಟಿದ್ದರು. ಡಾಕ್ಟರುಗಳು ಎದ್ದು ನಿಂತು "ಮೇಡಂ" ಅನ್ನುತ್ತಿದ್ದರು. ನಾನು ಟೀ ಕುಡಿದು, ತೋರಿಸಿದ ಕಡೆ ಸಹಿ ಹಾಕಿ ಬರುತ್ತಿದ್ದೆ.

ಆ ವರ್ಷ ಬಂದದ್ದು ಉಣ್ಣೆ ಜ್ವರದ ಲಸಿಕೆ. ಕಾಡಂಚಿನಲ್ಲಿ ಮೇಯುವ ದನಗಳಿಗೆ ಉಣ್ಣೆ ಕಚ್ಚಿ ಬರುವ ಜ್ವರ ಅದು. ಅರ್ಧ ದನಗಳಿಗೆ ಲಸಿಕೆ, ಕಿವಿಗೆ ನೀಲಿ ಬಿಲ್ಲೆ. ಉಳಿದರ್ಧಕ್ಕೆ, ಹೋಲಿಸಿ ನೋಡಲೆಂದು, ಬರೀ ಉಪ್ಪುನೀರಿನ ಸೂಜಿ, ಹಳದಿ ಬಿಲ್ಲೆ. ಒಪ್ಪಿಗೆ ಪತ್ರ ತಮಿಳಿನಲ್ಲಿತ್ತು. ಅದನ್ನು ದನದೊಡೆಯರಿಗೆ ಕನ್ನಡದಲ್ಲಿ ಓದಿ ಹೇಳುವ ಕೆಲಸ ನನ್ನದು. ಲಸಿಕೆಯ ಡಾಕ್ಟರು ಜೀಪಿನಲ್ಲೇ ಹೇಳಿದ್ದರು — ಉಪ್ಪುನೀರಿನ ವಿಚಾರ ಎತ್ತಿದರೆ ಒಬ್ಬರೂ ಹೆಬ್ಬೆಟ್ಟು ಒತ್ತುವುದಿಲ್ಲ ಮೇಡಂ, ನೋಡಿಕೊಂಡು ಓದಿ. ನೋಡಿಕೊಂಡೇ ಓದಿದೆ.

ಪುಟ್ಟತಾಯಮ್ಮ ಪೂರ್ತಿ ಕೇಳಲೂ ಇಲ್ಲ. ಅವಳ ಇಬ್ಬರು ಹೆಣ್ಣುಮಕ್ಕಳಿಗೂ ಅಕ್ಷರ ಕಲಿಸಿದವಳು ನಾನು. "ನೀವು ಯೋಳುದ್ ಮೇಲೆ ಇನ್ನೇನು ಟೀಚರಮ್ಮ, ಎಲ್ಲಿ ಒತ್ಬೇಕೋ ತೋರ್ಸಿ" ಅಂದಳು. ಅವಳ ಹಸು ಕೆಂದಿಯ ಕಿವಿಗೆ ಹಳದಿ ಬಿಲ್ಲೆ ಬಿತ್ತು. "ನಮ್ ಕೆಂದಿಗೆ ಓಲೆ ಆಕ್ಬುಟ್ರು" ಎಂದು ನಕ್ಕಳು. ನಾನೂ ನಕ್ಕೆ. ಹಳದಿ ಎಂದರೆ ಏನೆಂದು ಗೊತ್ತಿದ್ದೂ — ನಕ್ಕೆ!

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವಳ ಫೋನ್ ಬಂತು. ಕೆಂದಿ ಆಗ ತುಂಬು ಗಬ್ಬ.

"ಟೀಚರಮ್ಮ, ಕೆಂದಿ ಮೇವು ಮುಟ್ತಿಲ್ಲ. ಗಂಜ್ಲ ಕೆಂಪ್ಗೆ ಬತ್ತಾದೆ. ತಾಳವಾಡಿ ದನಿನಾಸ್ಪತ್ರೆ ಡಾಕುಟ್ರ ಕರ್ಸ್ಲಾ?"

ಕೆಂಪು ಗಂಜಲವೆಂದರೆ ಉಣ್ಣೆ ಜ್ವರವೇ. ಅದಕ್ಕೆ ಮದ್ದಿದೆ, ಬೇಗ ಕೊಟ್ಟರೆ ದನ ಬದುಕುತ್ತದೆ. ಯಾವ ಬಿಲ್ಲೆಯ ಹಸುವೇ ಆಗಲಿ, ಕಾಯಿಲೆ ಬಿದ್ದ ಕೂಡಲೇ ಮದ್ದು ಕೊಡಬೇಕೆಂಬ ನಿಯಮದ ಕೆಳಗೆ ನನ್ನದೇ ಸಹಿ ಇತ್ತು. ನಾನು ಮಾಡಿದ್ದೇನು? ಲಸಿಕೆಯ ಡಾಕ್ಟರಿಗೆ ಫೋನ್ ಮಾಡಿ ಅಪ್ಪಣೆ ಕೇಳಿದೆ. "ರೆಂಡು ನಾಳ್ ಪಾಪ್ಪೋಂ ಮೇಡಂ" — ಎರಡು ದಿನ ನೋಡೋಣ — ಅಂದರು. ಬೇರೆ ಮದ್ದು ಬಿದ್ದರೆ ಅವರ ಹೋಲಿಕೆ ಕೆಡುತ್ತಿತ್ತು. ನಾನು ಅದನ್ನೇ ನಮ್ಮ ಮಾತಿಗೆ ತಿರುಗಿಸಿ, ಸಿಹಿ ಸವರಿ ಹೇಳಿದೆ:

"ಸೂಜಿ ಹಾಕವ್ರಲ್ಲ ಪುಟ್ಟತಾಯಮ್ಮ, ಅದೇ ಕಾಯ್ತದೆ. ಬೇರೆ ಔಷ್ದಿ ಬ್ಯಾಡ. ಎರಡು ದಿನ ತಡ್ಕೊ."

ತಡೆದುಕೊಂಡಳು. ಮೂರನೇ ದಿನ ಕೆಂದಿ ಕೊಟ್ಟಿಗೆಯಲ್ಲೇ ಸತ್ತಿತು, ಹೊಟ್ಟೆಯಲ್ಲಿದ್ದ ಕರುವಿನ ಸಮೇತ. ನಾನು ಹೋದಾಗ ಪುಟ್ಟತಾಯಮ್ಮ ಅದರ ಮೈಯಿಂದ ಉಣ್ಣೆ ಕೀಳುತ್ತ ಕೂತಿದ್ದಳು — ಸತ್ತ ಹಸುವಿನ ಮೈಯಿಂದ. "ನಾನೇ ಸರಿಯಾಗ್ ನೋಡ್ಕನಿಲ್ಲ ಟೀಚರಮ್ಮ" ಅಂದಳು. ಆಗಲಾದರೂ — ಇಲ್ಲ. ಬಾಯಿ ಬಿಡಲಿಲ್ಲ. ತಪ್ಪು ತನ್ನದೆಂದು ಅವಳು ಅತ್ತಳು, ಅಳಲು ಬಿಟ್ಟೆ.

ಮುಂದಿನ ಸಭೆಗೆ ವರದಿ ಬಂತು. "ಪ್ರಾಣಿ ಹದಿನೇಳು: ಅಧ್ಯಯನಕ್ಕೆ ಸಂಬಂಧಿಸದ ಸಾವು." ಕೆಂದಿಯ ಹೆಸರಿಲ್ಲ, ಆ ಫೋನ್ ಕರೆಯಿಲ್ಲ, ಆ ಎರಡು ದಿನಗಳಿಲ್ಲ. ಸದಸ್ಯೆ ಖುದ್ದಾಗಿ ಹೋಗಿ ಪರಿಶೀಲಿಸಿದ್ದಾರೆ ಎಂಬ ಮಾತೊಂದಿತ್ತು. ಸಹಿ ಹಾಕಿದೆ. ಗೋಡಂಬಿ ಬಿಸ್ಕತ್ತಿನ ತಟ್ಟೆ ನನ್ನ ಮುಂದೆ ಸರಿಯಿತು. ಒಂದನ್ನು ತೆಗೆದುಕೊಂಡೆ ಕೂಡ.

ನನಗೆ ಸಿಟ್ಟಿದೆ. ಲಸಿಕೆ ಬೇಡವೆಂದಲ್ಲ — ಬೇಕು, ನಮ್ಮ ದನಗಳಿಗೇ ಬೇಕು. ಉಪ್ಪುನೀರು ಹಾಕಿ ಹೋಲಿಸುವುದೂ ವಿಜ್ಞಾನದ ದಾರಿಯೇ ಇರಬಹುದು. ಆದರೆ ದನ ಸಾಕಿದವಳಿಗೆ ಹೇಳಿ ಹಾಕಬೇಕಿತ್ತು. ಕಾಯಿಲೆ ಬಿದ್ದ ಗಳಿಗೆಯಲ್ಲೇ ಮದ್ದು ಕೊಡಬೇಕಿತ್ತು. ಅದನ್ನು ಕಾಯಲೆಂದೇ ಒಂದು ಸಮಿತಿ — ಆ ಸಮಿತಿ ಅರ್ಧ ಗಂಟೆಯಲ್ಲಿ ನಾಲ್ಕೈದು ಪ್ರಯೋಗಗಳಿಗೆ ಒಪ್ಪಿಗೆ ಕೊಟ್ಟು ಊಟಕ್ಕೇಳುತ್ತದೆ! ಆ ಡಾಕ್ಟರ ಮೇಲೆ ಸಿಟ್ಟು, ಅಧ್ಯಕ್ಷರ ಮೇಲೆ ಸಿಟ್ಟು. ಆದರೆ ಅವರಿಗೆ ಕೆಂದಿ ಬರೀ ಒಂದು ಸಂಖ್ಯೆ. ನಾನು ಅದರ ಗಂಗೆದೊಗಲು ನೇವರಿಸಿದ್ದೆ. ನಾನು ಅವರಿಗಿಂತ ಕಡೆ.

ಕಳೆದ ತಿಂಗಳು ಅದೇ ಲಸಿಕೆಯನ್ನು ಹಾಸನೂರಿನ ಕಡೆ ಪ್ರಯೋಗಿಸುವ ಅರ್ಜಿ ಬಂತು. ಹಿಂದಿನ ಸಲ ಎಲ್ಲ ಒಡೆಯರೂ ತಿಳಿದೇ ಒಪ್ಪಿದ್ದರು ಎಂದು ಬರೆದಿತ್ತು — ಸಾಕ್ಷಿಗೆ ನನ್ನ ಸಹಿ. ಎದ್ದು ನಿಂತೆ. ಸುಳ್ಳು, ಓದಿದವಳು ನಾನೇ, ಶುದ್ಧ ಸುಳ್ಳು ಅಂದೆ. ಅಧ್ಯಕ್ಷರು ಫೈಲು ಮುಚ್ಚಿ, "ಮೇಡಂಗೆ ಆಯಾಸವಾಗಿದೆ" ಅಂದರು. ನಡೆದದ್ದೆಲ್ಲವನ್ನೂ ಅಲ್ಲೇ ಕೂತು ಬರೆದು ಕೊಟ್ಟೆ. ಇಂಥ ಸಮಿತಿಗಳನ್ನು ನೋಡಿಕೊಳ್ಳುವ ಮೇಲಿನ ಕಚೇರಿಗೂ ಒಂದು ಪ್ರತಿ ಕಳಿಸಿದೆ. ಮರುದಿನ ತಿಗನಾರೆಗೆ ಹೋದೆ.

ಪುಟ್ಟತಾಯಮ್ಮ ಜಗಲಿಯ ಮೇಲೆ ಹುರುಳಿ ಕೇರುತ್ತಿದ್ದಳು. ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ಮೊರ ನಿಂತಿತು.

"ನೀರಾ?" ಅಂದಳು. "ಬರೀ ಉಪ್ನೀರಾ? ಗೊತ್ತಿದ್ದೂ ತಡ್ಕೊ ಅಂದ್ರಾ ನೀವು?"

"ಹೂಂ."

"ಐದ್ ವರ್ಸದಿಂದ ನನ್ನ ನಾನೇ ಬಯ್ಕತಾ ಇವ್ನಲ್ಲಾ ಟೀಚರಮ್ಮ!"

ಕ್ಷಮಿಸು ಅನ್ನುವ ಮಾತು ನಾಲಿಗೆಯವರೆಗೆ ಬಂತು, ನುಂಗಿದೆ. ಕ್ಷಮೆಯನ್ನೂ ಅವಳಿಂದಲೇ ಕಿತ್ತುಕೊಳ್ಳುವುದೆ? ಅವಳು ಮೊರವನ್ನು ಪಕ್ಕಕ್ಕಿಟ್ಟಳು. ಆಮೇಲೆ ಎದ್ದು ಸೆರಗು ಕೊಡವಿದಳು.

"ಇನ್ಯಾರ್ ಯಾರ್ ಅಸುಗೊಳ್ಗೆ ನೀರಾಕುದ್ರಿ? ಎಸ್ರು ಯೋಳಿ."

ಹೇಳಿದೆ. ಇನ್ನೂ ಹನ್ನೊಂದು ಮನೆ.

"ನಡೀರಿ" ಅಂದಳು.

ಮೊದಲ ಮನೆಯ ಬಾಗಿಲಲ್ಲಿ ನನ್ನ ಕಾಲು ನಿಂತುಬಿಟ್ಟಿತು. ಅವಳೇ ಕೂಗಿ ಒಳಗಿನವರನ್ನು ಕರೆದಳು. ಕರೆದು, ಪಕ್ಕಕ್ಕೆ ಸರಿದಳು.

"ಯೋಳಿ. ನಾನಿಲ್ಲೇ ನಿಂತಿರ್ತೀನಿ."

ಹೇಳಿದೆ. ಆಚೆಗೆ ಇನ್ನೂ ಹತ್ತು ಮನೆಗಳಿದ್ದವು.