ಹೆರಿಗೆ ಆಸ್ಪತ್ರೆಯ ಮಾಳಿಗೆ

ಕೋವಿಡ್ ಕಳೆದ ಮೇಲಿನ ಎರಡನೆಯ ಬೇಸಿಗೆ ಅದು. ಕಟ್ಟಡಗಳ ಚಾವಣಿಗೆ ನೀರು ತಡೆಯುವ ಹೊದಿಕೆ ಹಾಕುವ ಖಾಸಗಿ ಕಂಪನಿಯೊಂದರಲ್ಲಿ ನಾನು ಸೈಟ್ ಇಂಜಿನಿಯರ್. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ನನ್ನ ಪಾಲಿನ ಊರುಗಳು. ಗೋದಾಮು, ದಾಲ್ ಮಿಲ್, ಕಲ್ಯಾಣ ಮಂಟಪಗಳ ಸಪಾಟು ಮಾಳಿಗೆಗಳೇ ಹೆಚ್ಚು. ಆ ಮೇ ತಿಂಗಳಲ್ಲಿ ಶಹಾಬಾದದ ಹೆರಿಗೆ ಆಸ್ಪತ್ರೆಯೊಂದರ ಕೆಲಸ ಬಂತು.

ಆಸ್ಪತ್ರೆ ಡಾ. ನೀಲಮ್ಮ ಅವರದು. ಬೇಸಿಗೆಯ ಅಡ್ಡಮಳೆಗೆ ಆಪರೇಷನ್ ಥಿಯೇಟರಿನ ಚಾವಣಿ ಸೋರಿ, ದೀಪದ ಪಕ್ಕದಲ್ಲೇ ನೀರು ತೊಟ್ಟಿಕ್ಕಿದ್ದರಿಂದ ಅವರು ಅದಕ್ಕೆ ಬೀಗ ಹಾಕಿದ್ದರು. ಸಿಸೇರಿಯನ್ ಬೇಕಾದವರನ್ನೆಲ್ಲ ಕಲಬುರಗಿಗೆ ಕಳಿಸುತ್ತಿದ್ದರು. ಹಾಗೆ ಹೊರಟ ಒಬ್ಬಾಕೆಗೆ ದಾರಿಯಲ್ಲೇ ರಕ್ತಸ್ರಾವ ಶುರುವಾಗಿ, ತಾಯಿ, ಮಗು ಇಬ್ಬರೂ ಉಳಿದದ್ದೇ ದೊಡ್ಡದು.

"ಮಳಿ ಹಿಡಿಯೋದ್ರಾಗ ಮಾಳಗಿ ಆಗ್ಬೇಕ್ರಿ. ಇನ್ನೊಬ್ಬಾಕಿನ್ನ ಆ ದಾರಿಗಿ ಹಚ್ಚಾಂಗಿಲ್ಲ ನಾ" ಎಂದರು ಡಾಕ್ಟರು.

ನಾವು ಹಾಕುವುದು ಟಿಪಿಒ ಮೆಂಬ್ರೇನ್. ಡಾಂಬರಿನ ಹಾಗೆ ಪದರದ ಮೇಲೆ ಪದರ ಬೇಕಿಲ್ಲ, ಪ್ಲಾಸ್ಟಿಕ್ಕಿನಂಥ ಬಿಳಿಯ ಒಂದೇ ಹಾಳೆ ಸಾಕು. ಸುರುಳಿ ಬಿಚ್ಚಿ ಹಾಸಿ, ಒಂದರ ಅಂಚಿನ ಮೇಲೆ ಇನ್ನೊಂದರ ಅಂಚು ತಂದು, ಬಿಸಿಗಾಳಿ ಬಿಟ್ಟು ಕರಗಿಸಿ ರೋಲರಿನಿಂದ ಒತ್ತಿದರೆ ಎರಡೂ ಹಾಳೆ ಒಂದಾಗುತ್ತವೆ. ಕೆಳಗೆ ಇನ್ನೊಂದು ಪದರದ ಆಸರೆ ಇಲ್ಲದ್ದರಿಂದ ಆ ಬೆಸುಗೆಯೇ ಚಾವಣಿಯ ಜೀವ.

ಹಾಸಿ ಬೆಸೆಯುವ ಕೆಲಸ ಸರಾಗವಾಗಿ ಮುಗಿಯಿತು. ಬೆಸುಗೆ ಪರೀಕ್ಷಿಸಲು ಅಂಚಿನ ಉದ್ದಕ್ಕೂ ಮೊಂಡು ಕಡ್ಡಿಯೊಂದನ್ನು ಎಳೆಯುತ್ತ ಹೋದೆ. ಒಂದು ಕಡೆ ಕಡ್ಡಿ ಸರಕ್ಕನೆ ಒಳಗೆ ಹೋಯಿತು. ಸ್ವಲ್ಪ ಮುಂದೆ ಮತ್ತೆ ಹೋಯಿತು. ಜೋಡಿನ ಒಂದು ತುಂಡು ಕತ್ತರಿಸಿ ಎರಡು ಕೈಯಲ್ಲಿ ಎಳೆದೆ. ಒಳ್ಳೆಯ ಬೆಸುಗೆಯಾದರೆ ಹಾಳೆ ಹರಿಯಬೇಕೇ ಹೊರತು ಜೋಡು ಬಿಡಬಾರದು. ಇದು ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದು ಬಂತು.

ಬೆಸುಗೆ ಮಾಡಿದ್ದು ನಮ್ಮ ಹಿರಿಯ ವೆಲ್ಡರ್ ಮಸ್ತಾನ್ ಭಾಯ್. ಅವರು ಯಂತ್ರದ ಬಿಸಿಯನ್ನು ಮತ್ತೊಮ್ಮೆ ನೋಡಿದರು. "ಮಷೀನ್ ಬರೋಬರಿ ಅದರಿ ಮೇಡಂ, ಬಿಸಿ ಬರೋಬರಿ ಅದ. ಆದ್ರ ಜೋಡು ಹಿಡಿವಲ್ದು."

ಸುಲಿದ ಅಂಚಿನ ಮೇಲೆ ಬೆರಳಾಡಿಸಿದೆ. ಬಿಳಿ ಹಾಳೆಯ ಮೇಲೆ ಕಣ್ಣಿಗೆ ಕಾಣದ ಬಿಳಿ ಪುಡಿ. ಪಕ್ಕದಲ್ಲೇ ಹಾಸುಗಲ್ಲು ಕೊಯ್ಯುವ ಯಾರ್ಡ್ ಇತ್ತು. ನಾವು ಹಾಳೆ ಒರೆಸಿ ಯಂತ್ರ ತರುವಷ್ಟರಲ್ಲೇ ಅಲ್ಲಿನ ಧೂಳು ಮತ್ತೆ ಬಂದು ಕೂರುತ್ತಿತ್ತು.

ಬಿಟ್ಟಲ್ಲಿ ತೇಪೆ ಹಾಕಿ ಕೆಲಸ ಒಪ್ಪಿಸಿಬಿಡಿ ಎಂದು ಮ್ಯಾನೇಜರ್ ಫೋನಿನಲ್ಲಿ ಹೇಳಿದರು. "ಎಲ್ಲೆಲ್ಲಿ ಬಿಡ್ತದ ಅಂತ ನಮಗ ಮಳಿನೇ ತೋರಿಸ್ಬೇಕಾಗ್ತದ ಸರ್. ಕೆಳಗ ಹೊಟ್ಟಿ ಕೊಯ್ಯೋ ಟೇಬಲ್ ಅದ. ಎಲ್ಲಾ ಜೋಡು ಮತ್ತ ಮಾಡ್ತೀನಿ" ಎಂದೆ. ಅವರು ಬೇಸರದಿಂದ ಫೋನ್ ಇಟ್ಟರು. ಬೇಡ ಎನ್ನಲಿಲ್ಲ, ನನಗೆ ಅಷ್ಟು ಸಾಕಿತ್ತು.

ಡಾಕ್ಟರನ್ನು ಕರೆದುಕೊಂಡು ಯಾರ್ಡಿನ ಮಾಲೀಕ ವೀರಣ್ಣನವರ ಹತ್ತಿರ ಹೋದೆ.

"ಮಷೀನ್ ಬಂದ್ ಮಾಡಿದ್ರ ನನ್ನ ಮಂದಿ ಉಣ್ಣೋದೇನ್ರಿ ಡಾಕ್ಟರಮ್ಮ?" ಎಂದರು ಅವರು. ಅದರಲ್ಲಿ ತಪ್ಪೇನೂ ಇರಲಿಲ್ಲ.

"ಬಂದ್ ಮಾಡಬ್ಯಾಡ್ರಿ. ಮಧ್ಯಾಹ್ನದ ತನಕ ನೀರ್ ಹಾಕಿ ಪಾಲಿಶ್ ಮಾಡ್ರಿ, ಒಣಾ ಕೊಯ್ಯೋದು ಮಧ್ಯಾಹ್ನದ ಮ್ಯಾಲ ಇಟ್ಕೊರ್ರಿ. ಆವಾಗ ನಾವು ಕೆಳಗ ಇಳದಿರ್ತೀವಿ" ಎಂದೆ.

ವೀರಣ್ಣ ಆಳುಗಳ ಕಡೆ ಒಮ್ಮೆ ನೋಡಿ, "ಆತು. ಆದ್ರ ನಿಮ್ದು ಮುಗಿಯೋದ್ರಾಗ ಮಳಿ ಬಂದ್ರ ನನಗ ಅನ್ನಬ್ಯಾಡ್ರಿ" ಎಂದರು.

ಮರುದಿನದಿಂದ ಬೆಳಕು ಹರಿಯುತ್ತಲೇ ಮಾಳಿಗೆ ಹತ್ತತೊಡಗಿದೆವು. ಪ್ರತಿ ಜೋಡನ್ನೂ ಕ್ಲೀನರ್ ಹಚ್ಚಿ ಒರೆಸುವುದು, ಮೇಲೆ ಅಗಲವಾದ ಹೊಸ ಪಟ್ಟಿಯಿಟ್ಟು ಎರಡೂ ಅಂಚು ಬೆಸೆಯುವುದು, ತಣ್ಣಗಾದ ಮೇಲೆ ಕಡ್ಡಿ ಎಳೆಯುವುದು. ಥಿಯೇಟರಿನ ಮೇಲಿನ ಭಾಗ ಮೊದಲು. ಬಿಳಿ ಹಾಳೆಯಿಂದ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಮಂಡಿಯೂರಿದರೆ ಚರ್ಮ ಚುರುಗುಟ್ಟುತ್ತಿತ್ತು.  ಮಸ್ತಾನ್ ಭಾಯ್ ಪ್ರತಿ ಜೋಡನ್ನೂ ನನಗಿಂತ ಮೊದಲು ತಾವೇ ಕಡ್ಡಿ ಎಳೆದು ನೋಡುತ್ತಿದ್ದರು.

ಕೊನೆಗೆ ಪೈಪೊಂದು ಚಾವಣಿಯಿಂದ ಮೇಲೆ ಬರುವ ಜಾಗ ಮಾತ್ರ ಉಳಿದಿತ್ತು. ಅದೇ ಹೊತ್ತಿಗೆ ಪಡುವಣ ಕಪ್ಪಾಗಿ ಗಾಳಿ ಎದ್ದಿತು. ಹಸಿಯಾದರೆ ಬೆಸುಗೆ ಹಿಡಿಯುವುದಿಲ್ಲ. ಹಾಗೇ ಬಿಟ್ಟರೆ ಆ ತೂತಿನಿಂದ ನೀರು ಇಳಿದು ಹಾಳೆಯ ಕೆಳಗೆಲ್ಲ ಹರಡುತ್ತದೆ. ಮಳೆಗೆ ಅಡ್ಡ ಹಿಡಿಯಲು ತಾಡಪತ್ರಿ ಬೇಕೆಂದು ಕೆಳಗೆ ಕೂಗಿದೆ. ಇಬ್ಬರು ನರ್ಸುಗಳ ಜೊತೆ ಡಾಕ್ಟರೇ ಅದನ್ನು ಹೊತ್ತು ಮೇಲೆ ಬಂದರು. ನಾವು ನಾಲ್ವರೂ ಒಂದೊಂದು ಮೂಲೆ ಹಿಡಿದು ಮಸ್ತಾನ್ ಭಾಯ್ ತಲೆಯ ಮೇಲೆ ಚಪ್ಪರದಂತೆ ನಿಂತೆವು.

"ಅವಸರ ಮಾಡಬ್ಯಾಡ್ರಿ ಭಾಯ್, ನಾವ್ ಬಿಡಾಂಗಿಲ್ಲ" ಎಂದರು ಡಾಕ್ಟರು. ಮಳೆ ಬಡಿಯಿತು. ತಾಡಪತ್ರಿಯ ಕೆಳಗೆ ಮಸ್ತಾನ್ ಭಾಯ್ ರೋಲರ್ ಒತ್ತಿ, ಆರುವ ತನಕ ಕಾದು, ಕಡ್ಡಿ ಎಳೆದರು. "ಹಿಡಿತ್ರಿ ಮೇಡಂ!"

ಒದ್ದೆ ಬಟ್ಟೆಯಲ್ಲೇ ಕೆಳಗಿಳಿದು ಥಿಯೇಟರಿನ ಚಾವಣಿಯನ್ನೇ ನೋಡುತ್ತ ನಿಂತೆವು. ಮಳೆ ನಿಂತ ಮೇಲೂ ಅದು ಒಣಗಿಯೇ ಇತ್ತು. ಆದರೂ ಇನ್ನೆರಡು ಮಳೆ ನೋಡಿ, ಥಿಯೇಟರ್ ಶುಚಿ ಮಾಡಿಸಿದ ಮೇಲೆಯೇ ಡಾಕ್ಟರು ಬೀಗ ತೆಗೆದರು.

ಮೊದಲ ಸಿಸೇರಿಯನ್ ಆದ ದಿನ ಜೋರು ಮಳೆ. ಮನಸ್ಸು ತಡೆಯದೆ ನಾನು ವಾಡಿಯ ಸೈಟಿನಿಂದ ಹೋಗಿ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೆ. ಮಗುವಿನ ಅಳು ಕೇಳಿಸಿತು. ಬಹಳ ಹೊತ್ತಿನ ಮೇಲೆ ಡಾಕ್ಟರು ಹೊರಬಂದರು.

"ಮ್ಯಾಲ ಏನರ ಹಸಿ ಕಂಡ್ತೇನ್ರಿ?" ಎಂದು ಕೇಳಿದೆ.

ಅವರು ಮುಖದ ಮಾಸ್ಕ್ ಕಳಚಿದರು. "ಮ್ಯಾಲ? ನೋಡೋ ಖಬರೇ ಇರ್ಲಿಲ್ರಿ ನನಗ."

ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಬೆಸುಗೆ ಕಲಿಸುವ ಮೊದಲು ನಾನು ಇಷ್ಟನ್ನೇ ಹೇಳುತ್ತೇನೆ: ಕೆಳಗಿರುವವರು ನಮ್ಮ ಚಾವಣಿಯನ್ನು ಮರೆತು ತಮ್ಮ ಕೆಲಸ ಮಾಡಬೇಕು. ಅದಕ್ಕಾಗಿ ಮೇಲಿರುವ ನಾವು ಪ್ರತಿಯೊಂದು ಜೋಡನ್ನೂ ಕಡ್ಡಿ ಎಳೆದು ನೋಡದೆ ಇಳಿಯಬಾರದು.